ನಲವತ್ತು ದಿನಗಳಿಗೊಂದು ದನಿ

ದೀಪಾವಳಿ ಮುಗಿದ ಎಂಟನೆಯ ದಿನ ನಮ್ಮೂರಿನ ಗಾಳಿ ತಿರುಗುತ್ತದೆ. ಅಲ್ಲಿಂದ ನಲವತ್ತು ದಿನ ಊರಿನಲ್ಲಿ ಯಾರ ಗಂಟಲಿನಿಂದಲೂ ದನಿ ಹೊರಡುವುದಿಲ್ಲ. ಹಿಂದಿನಿಂದಲೂ ಹೀಗೇ ನಡೆದುಬಂದಿದೆ. ನಾವು ಅದನ್ನು ಸುಮ್ಮಗಾಳಿ ಎನ್ನುತ್ತೇವೆ. ನಾಯಿಗಳು ಬೊಗಳುತ್ತವೆ, ಗಿರಣಿ ತಿರುಗುತ್ತದೆ, ರೇಡಿಯೋ ಹಾಡುತ್ತದೆ. ನಾವು ಬಾಯಿ ತೆರೆದರೆ ಮಾತ್ರ ಬರೀ ಉಸಿರು ಬರುತ್ತದೆ. ಹೊಳೆಯ ಸೇತುವೆ ದಾಟಿದರೆ ಆಚೆ ದಂಡೆಯಲ್ಲಿ ದನಿ ಮರಳುತ್ತದೆ, ಆದರೆ ಮನೆ, ದನ, ಅಂಗಡಿ ಬಿಟ್ಟು ನಲವತ್ತು ದಿನ ಆಚೆ ದಂಡೆಯಲ್ಲಿ ಯಾರು ಇರುತ್ತಾರೆ? ಎಲ್ಲರೂ ಬರೆದು ತೋರಿಸಲು ಕೊರಳಿಗೆ ಪಾಟಿ ಕಟ್ಟಿಕೊಳ್ಳುತ್ತೇವೆ. ಆ ದಿನಗಳಲ್ಲಿ ಮದುವೆ ಇಟ್ಟುಕೊಳ್ಳುವುದಿಲ್ಲ. ಶಾಲೆಯಲ್ಲಿ ಗಣಿತ, ಚಿತ್ರಕಲೆ ಬಿಟ್ಟು ಬೇರೆ ಪಾಠವಿಲ್ಲ. ಹುಟ್ಟಿದ ಕೂಸು ಅಳುವುದಿಲ್ಲವಾದ್ದರಿಂದ ಸೂಲಗಿತ್ತಿ ಅದರ ಎದೆಯ ಮೇಲೆ ಅಂಗೈಯಿಟ್ಟು ನೋಡಿ, ತಾಯಿಯ ಕಡೆ ತಿರುಗಿ ತಲೆಯಾಡಿಸುತ್ತಾಳೆ. ಬಸ್ಸಿನಿಂದ ಇಳಿದ ಪರವೂರಿನವರು ಮೊದಲ ದಿನ ಗಾಬರಿಯಾಗುತ್ತಾರೆ, ಎರಡನೆಯ ದಿನ ಅವರೂ ಒಂದು ಪಾಟಿ ತೆಗೆದುಕೊಳ್ಳುತ್ತಾರೆ.

ನಾನು ವನಮಾಲಾ. ಅಂಚೆ ಕಚೇರಿಯ ಮಗ್ಗುಲಲ್ಲಿ ನಮ್ಮ ತಂದೆ ತೆರೆದ ಟೈಪಿಂಗ್ ಶಾಲೆಯನ್ನು ಅವರ ತರುವಾಯ ನಾನು ನಡೆಸುತ್ತಿದ್ದೇನೆ. ಈಗ ಹೇಳುತ್ತಿರುವ ಕಾಲಕ್ಕೆ ನನ್ನಲ್ಲಿ ಹನ್ನೊಂದು ಟೈಪ್‌ರೈಟರುಗಳೂ ಮೂರು ಹಳೆಯ ಕಂಪ್ಯೂಟರುಗಳೂ ಇದ್ದವು. ಸುಮ್ಮಗಾಳಿಯಲ್ಲಿ ನನಗೆ ಕೈತುಂಬ ಕೆಲಸ. ಪಾಟಿಯಲ್ಲಿ ಹಿಡಿಸದಷ್ಟು ಮಾತು ಇರುವವರು, ಆಸ್ತಿಯ ತಕರಾರಿನವರು, ಮಗಳಿಗೆ ಗಂಡು ಹುಡುಕುವವರು, ಪಕ್ಕದ ಮನೆಯವರನ್ನು ಬೈಯಬೇಕಾದವರು ನನ್ನಲ್ಲಿಗೆ ಬಂದು ಹಾಳೆಯ ಮೇಲೆ ಟೈಪು ಹೊಡೆಸಿಕೊಂಡು ಹೋಗುತ್ತಾರೆ.

ಬಸಲಿಂಗವ್ವನೂ ನಾನೂ ಒಂದೇ ಬೆಂಚಿನ ಮೇಲೆ ಕೂತು ಮೂರನೆಯ ಇಯತ್ತೆಯವರೆಗೆ ಓದಿದವರು. ಆ ವರ್ಷ ಅವಳಿಗೆ ಜ್ವರ ಬಂದು ಎರಡೂ ಕಣ್ಣು ಹೋದವು. ದೊಡ್ಡವಳಾದ ಮೇಲೆ ಕುರ್ಚಿಗಳಿಗೆ ಬೆತ್ತ ಹೆಣೆಯುವ ಕೆಲಸ ಕಲಿತಳು. ಊರಿನ ಪ್ರತಿಯೊಂದು ಬೆತ್ತದ ಕುರ್ಚಿಯೂ ಅವಳ ಕೈಯಿಂದ ಹಾದುಹೋದದ್ದೇ. ಕುರ್ಚಿ ತಂದವರು ಅವಳ ಕಟ್ಟೆಯ ಮೇಲೆ ಕೂತುಬಿಡುತ್ತಿದ್ದರು, ಯಾಕೆಂದರೆ ಅವಳಷ್ಟು ಚೆನ್ನಾಗಿ ಮಾತಾಡುವವರು ನಮ್ಮಲ್ಲಿ ಬೇರೆ ಯಾರೂ ಇರಲಿಲ್ಲ. ಸುಮ್ಮಗಾಳಿ ಬಂತೆಂದರೆ ಆ ಕಟ್ಟೆ ಖಾಲಿಯಾಗುತ್ತಿತ್ತು. ನಮಗೆಲ್ಲ ದನಿ ಮಾತ್ರ ಹೋದರೆ ಅವಳಿಗೆ ಊರೇ ಹೋದಂತೆ. ಬಳಪ ಹಿಡಿದು ಅಂದಾಜಿನ ಮೇಲೆ ಒಂದೆರಡು ಪದ ಬರೆದು ತೋರಿಸುತ್ತಿದ್ದಳು. ಅದಕ್ಕೆ ನಾವು ಕೊಡುವ ಉತ್ತರ ಅವಳಿಗೆ ತಲುಪುತ್ತಿರಲಿಲ್ಲ. ಅಂಗೈ ಒಮ್ಮೆ ಒತ್ತಿದರೆ ಹೌದು, ಎರಡು ಸಲ ಒತ್ತಿದರೆ ಅಲ್ಲ. ನಾನು ಅವಳ ಅಂಗೈ ಮೇಲೆ ಬೆರಳಿನಿಂದ ಅಕ್ಷರ ಬರೆಯಲು ಹೋಗುತ್ತಿದ್ದೆ. ಒಂದು ವಾಕ್ಯಕ್ಕೆ ಐದು ನಿಮಿಷ ಬೇಕಾಗುತ್ತಿತ್ತು, ಒತ್ತಕ್ಷರ ಬಂದರೆ ಮತ್ತೆ ಮೊದಲಿನಿಂದ. ಒಂದು ವರ್ಷ ಗಾಳಿಗೆ ಮುಂಚೆಯೇ ಮೂರು ಕ್ಯಾಸೆಟ್ಟುಗಳ ತುಂಬ ನನ್ನ ಮಾತು ತುಂಬಿ ಕೊಟ್ಟಿದ್ದೆ. ಅವಳು ಮೂರೇ ದಿನದಲ್ಲಿ ಕೇಳಿ ಮುಗಿಸಿದ್ದಳು. ಗಾಳಿ ನಿಂತ ಮೇಲೆ ಹೇಳಿದಳು, "ನಿನ್ನ ದನಿ ಖರೇನ ಐತಿ ವನೂ. ಆದ್ರ ನಾ ನಕ್ಕರ ಅದು ನಿಂದ್ರಂಗಿಲ್ಲ, ತನ್ನ ಪಾಡಿಗೆ ಮುಂದ ಹೊಕ್ಕೈತಿ."

ನಾನು ಹೇಳುತ್ತಿರುವ ವರ್ಷದ ಹಿಂದಿನ ಸುಮ್ಮಗಾಳಿಯಲ್ಲಿ ಅವಳ ತಾಯಿ ತೀರಿಕೊಂಡಳು. ಮನೆಯಲ್ಲಿ ಇದ್ದವರು ಅವರಿಬ್ಬರೇ. ಅಣ್ಣ ಸಂಗಪ್ಪ ಪೇಟೆಯ ಕೊನೆಯಲ್ಲಿ ಹಿಟ್ಟಿನ ಗಿರಣಿ ಇಟ್ಟುಕೊಂಡು ಅಲ್ಲೇ ಹಿಂದಿನ ಮನೆಯಲ್ಲಿ ಸಂಸಾರ ಮಾಡಿಕೊಂಡಿದ್ದ. ತಾಯಿ ಒಳಕೋಣೆಯಲ್ಲಿ ಮಲಗಿದ್ದಳು, ಬಸಲಿಂಗವ್ವ ಪಡಸಾಲೆಯಲ್ಲಿ ಕುರ್ಚಿ ಹೆಣೆಯುತ್ತ ಕೂತಿದ್ದಳು. ಸಂಜೆ ಚಹಾ ಒಯ್ದು ಕೈ ಮುಟ್ಟಿದಾಗ ತಣ್ಣಗಾಗಿತ್ತು. ಕೂಗಿ ಯಾರನ್ನಾದರೂ ಕರೆಯಲು ಅವಳಿಗೂ ದನಿ ಇರಲಿಲ್ಲ. ಬಾಗಿಲಿಗೆ ಬಂದು ತಾಟು ಬಡಿದಳು. ಅಕ್ಕಪಕ್ಕದವರು ಬಂದೆವು. ಮುಂದಿನ ಹದಿನೇಳು ದಿನ ಅವಳಿಗೆ ಯಾರೂ ಒಂದು ಸಮಾಧಾನದ ಮಾತು ಹೇಳಲಾಗಲಿಲ್ಲ. ನಾವು ಅವಳ ಕೈ ಹಿಡಿದು ಕೂತಿರುತ್ತಿದ್ದೆವು, ಅಷ್ಟೇ.

ಮರುವರ್ಷ ಆಯುಧಪೂಜೆಗೆ ಮುಂಚೆ ಅವಳು ನಮ್ಮ ಶಾಲೆಯ ಕುರ್ಚಿಗಳಿಗೆ ಬೆತ್ತ ಹಾಕಲು ಬಂದಳು. ಕೆಲಸದ ನಡುವೆ, ಬೇರೆ ಏನೋ ಹೇಳುವಂತೆ, ತಾನು ಊರು ಬಿಡುತ್ತಿರುವುದಾಗಿ ಹೇಳಿದಳು. ಹೊಳೆಯಾಚೆ ಎರಡು ತಾಸಿನ ದಾರಿಯಲ್ಲಿ ಅಂಧ ಹೆಂಗಸರಿಗಾಗಿ ಒಂದು ಸಂಸ್ಥೆ ಇತ್ತು. ಅಲ್ಲಿ ಒಂದು ಮಂಚ ಖಾಲಿಯಾಗಿದೆಯಂತೆ. ಬಂದರೆ ಪೂರ್ತಿಯಾಗಿ ಬಂದುಬಿಡಬೇಕು, ನಲವತ್ತು ದಿನದ ಮಟ್ಟಿಗೆ ಇಟ್ಟುಕೊಳ್ಳುವ ಪದ್ಧತಿ ಅವರಲ್ಲಿ ಇರಲಿಲ್ಲ. ಇಲ್ಲೇ ಇರು ಎಂದು ನಾನು ಎಷ್ಟು ಹೇಳಿದರೂ ಅವಳ ಕೈ ಬೆತ್ತ ಎಳೆಯುತ್ತಲೇ ಇತ್ತು.

"ಹ್ವಾದ ವರ್ಷ ಹೆಂಗ ಕಳದೀನಿ ಅಂತ ನಿನಗ ಗೊತ್ತೈತಿ. ಇನ್ನೊಂದ ಸಲ ನನ್ನ ಕೈಲೆ ಆಗಂಗಿಲ್ಲ ವನೂ," ಎಂದಳು.

ಆಗ ನನಗೆ ಎಲ್ಲಿಂದ ಧೈರ್ಯ ಬಂತೋ ಗೊತ್ತಿಲ್ಲ, ಕಂಪ್ಯೂಟರಿನಲ್ಲಿ ಹೊಡೆದ ಅಕ್ಷರವನ್ನು ಅದೇ ಓದಿ ಹೇಳುವಂತೆ ಮಾಡಬಹುದಂತೆ, ಮಾಡಿಕೊಡುತ್ತೇನೆ ಎಂದುಬಿಟ್ಟೆ. ಯಾವುದೋ ಪತ್ರಿಕೆಯಲ್ಲಿ ಅಂಥದ್ದೊಂದು ಇದೆಯೆಂದು ಓದಿದ್ದೆ, ಅದಕ್ಕಿಂತ ಹೆಚ್ಚು ನನಗೆ ಏನೂ ತಿಳಿದಿರಲಿಲ್ಲ. ಅವಳು ಕೈಯಲ್ಲಿದ್ದ ಎಳೆಯನ್ನು ಹೆಣೆದು ಮುಗಿಸಿ ಕೊನೆಗೆ ಒಪ್ಪಿದಳು. ಗಾಳಿ ಶುರುವಾಗಿ ಹದಿನೈದು ದಿನದೊಳಗೆ ಬಂದರೆ ಸಾಕೆಂದು ಸಂಸ್ಥೆಯವರು ಬರೆದಿದ್ದರು. ಹದಿನಾಲ್ಕನೆಯ ದಿನದವರೆಗೆ ಕಾಯುತ್ತೇನೆ, ಆಮೇಲೆ ಅಣ್ಣ ಟೆಂಪೋ ತರುತ್ತಾನೆ ಎಂದಳು.

ನನ್ನ ಕಂಪ್ಯೂಟರುಗಳು ಆಗ ಯಾವ ಸ್ಥಿತಿಯಲ್ಲಿದ್ದವೆಂದರೆ, ಅವುಗಳ ಜೊತೆ ಬಂದಿದ್ದ ವ್ಯವಸ್ಥೆ ಅರ್ಧ ಗಂಟೆಗೊಮ್ಮೆ ಪರದೆಯನ್ನು ಕಪ್ಪಾಗಿಸಿ, ಪರವಾನಗಿಯ ಸಂಖ್ಯೆ ಕೊಡಿ ಎಂದು ಕೇಳುತ್ತಿತ್ತು. ಆ ಸಂಖ್ಯೆ ನನಗೆ ಮಾರಿದವನ ಹತ್ತಿರವೂ ಇರಲಿಲ್ಲ. ಓದುವ ಪ್ರೋಗ್ರಾಂ ಒಂದನ್ನು ವಿಚಾರಿಸಿದರೆ ಅದಕ್ಕೆ ಕನ್ನಡವೇ ಬರುತ್ತಿರಲಿಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನ ಜುಬೇದಾ ಹತ್ತಿರ ಹೋಗಿ ಕೂತೆ. ಸುಮ್ಮಗಾಳಿಯಲ್ಲಿ ಊರಿನಲ್ಲಿ ಯಾರೂ ಫೋನ್ ಮಾಡದಿರುವುದರಿಂದ ಆಕೆಗೆ ವರ್ಷಕ್ಕೆ ನಲವತ್ತು ದಿನ ಮಾಡಲು ಕೆಲಸವಿರುವುದಿಲ್ಲ. ಆ ಬಿಡುವಿನಲ್ಲಿ ಏನೇನನ್ನೋ ಬಿಚ್ಚಿ ಜೋಡಿಸಿ ಕಲಿತುಕೊಂಡಿದ್ದಳು. ನನ್ನ ಕಥೆ ಪೂರ್ತಿ ಕೇಳಿ ಮೇಜಿನ ಖಾನೆಯಿಂದ ಒಂದು ಸಿ.ಡಿ. ತೆಗೆದಳು. ಮೇಲೆ ನೀಲಿ ಶಾಯಿಯಲ್ಲಿ ಲಿನಕ್ಸ್ ಎಂದು ಬರೆದಿತ್ತು.

"ಇದೂ ಕಂಪ್ಯೂಟರ್ ನಡಸೂ ವ್ಯವಸ್ಥಾನ, ಆದ್ರ ಸಂಖ್ಯೆ ಕೇಳಂಗಿಲ್ರಿ ಅಕ್ಕೋರ," ಎಂದಳು. "ಮಾಡಿದವರು ಎಲ್ಲಾರಿಗೂ ಅಂತ ಬಿಟ್ಟಾರ. ಒಳಗ ಹೆಂಗ ಬರದಾರ ಅಂತ ಬಿಚ್ಚಿನೂ ನೋಡಬಹುದು."

ನಾನು ಅದರ ಬಗ್ಗೆ ಯಾರನ್ನು ಕೇಳಬೇಕು, ಯಾರಿಗೆ ಅರ್ಜಿ ಬರೆಯಬೇಕು ಎಂದೆ. ಯಾರಿಗೂ ಇಲ್ಲ ಎಂದಳು. ಅಷ್ಟು ಸಲೀಸಾಗಿ ಸಿಗುವ ವಸ್ತುವಿನಲ್ಲಿ ಏನೋ ಊನ ಇರಲೇಬೇಕೆಂದು ನನಗೆ ಆಗ ಅನ್ನಿಸಿತು.

ದೀಪಾವಳಿಗೆ ಹದಿನೈದು ದಿನ ಇರುವಾಗ ಒಂದು ಕಂಪ್ಯೂಟರಿಗೆ ಅದನ್ನು ಹಾಕಿದೆವು. ಡಿಸ್ಕಿನಲ್ಲಿ ಇರುವುದೆಲ್ಲ ಅಳಿಸಿಹೋಗುತ್ತದೆ, ಮುಂದುವರಿಯಲೇ ಎಂದು ಪರದೆ ಕೇಳಿದಾಗ ನನ್ನ ಬೆರಳು ನಿಂತುಬಿಟ್ಟಿತು. ಪ್ರಶ್ನೆಪತ್ರಿಕೆಗಳನ್ನೂ ಅಪ್ಪನ ಪಾಠಗಳನ್ನೂ ಬೇರೆ ಕಂಪ್ಯೂಟರಿಗೆ ತುಂಬಿಟ್ಟು ಎರಡೆರಡು ಸಲ ತೆರೆದು ನೋಡಿದ್ದೆ, ಆದರೂ. ಜುಬೇದಾ ನನ್ನ ಕೈ ಸರಿಸಿ ತಾನೇ ಒತ್ತಿದಳು. ಅರ್ಧ ಗಂಟೆಯಲ್ಲಿ ಹೊಸ ಪರದೆ ಬಂತು, ತಿಳಿ ಹಸಿರು ಬಣ್ಣದ್ದು. ಆಮೇಲೆ ಆಕೆ ಒಂದು ಪಟ್ಟಿ ತೆರೆದು ತೋರಿಸಿದಳು. ಸಂತೆಯ ಸಾಲಿನ ಹಾಗೆ ಸಾವಿರಾರು ಹೆಸರುಗಳಿದ್ದವು: ಪತ್ರ ಬರೆಯುವುದಕ್ಕೊಂದು, ಕೋಷ್ಟಕ ಹಾಕುವುದಕ್ಕೊಂದು, ಚಿತ್ರ ಬಿಡಿಸುವುದಕ್ಕೊಂದು, ಮಕ್ಕಳಿಗೆ ಟೈಪಿಂಗ್ ಕಲಿಸುವುದಕ್ಕೂ ಒಂದು. ಬೇಕಾದದ್ದರ ಮುಂದೆ ಗುರುತು ಹಾಕಿದರೆ ಅದು ಫೋನಿನ ತಂತಿಯಲ್ಲಿ ನಿಧಾನವಾಗಿ ಇಳಿದು ತಾನೇ ಕೂತುಕೊಳ್ಳುತ್ತಿತ್ತು. ಒಂದಕ್ಕೆ ಗುರುತು ಹಾಕಿದರೆ, ಇದಕ್ಕೆ ಇನ್ನೂ ನಾಲ್ಕು ಬೇಕು, ತರಲೇ ಎಂದು ಕೇಳುತ್ತಿತ್ತು. ಮದುವೆಗೆ ಒಬ್ಬರನ್ನು ಕರೆದರೆ ಮನೆಮಂದಿಯೆಲ್ಲ ಬರುವ ಹಾಗೆ ಎಂದು ನಾನು ನಕ್ಕೆ. ಎಲ್ಲ ಬರಲಿ ಬಿಡ್ರಿ ಎಂದಳು ಜುಬೇದಾ.

ಕನ್ನಡ ಮೊದಲು ಬರೀ ಚೌಕಗಳಾಗಿ ಕಂಡಿತು. ಅಕ್ಷರಗಳ ಕಟ್ಟು ತರಿಸಿದ ಮೇಲೆ ಅಕ್ಷರ ಬಂದವು, ಒತ್ತುಗಳು ಮಾತ್ರ ಕೆಳಗೆ ಹೋಗದೆ ಪಕ್ಕದಲ್ಲಿ ನಿಂತವು. ಇನ್ನೇನೋ ಒಂದು ಸೇರಿಸಿದ ಮೇಲೆ ಅವೂ ತಮ್ಮ ಜಾಗಕ್ಕೆ ಇಳಿದವು. ನಾನು ಇಪ್ಪತ್ತೆರಡು ವರ್ಷ ಕಲಿಸಿದ ಟೈಪ್‌ರೈಟರಿನ ಕೀಲಿಗಳೇ ಬೇರೆ, ಇದರ ಕೀಲಿಗಳ ಜೋಡಣೆಯೇ ಬೇರೆ. ಬೆಳಗ್ಗೆ ನಾನು ಕಲಿತದ್ದನ್ನು ಮಧ್ಯಾಹ್ನ ಬಸಲಿಂಗವ್ವನಿಗೆ ಕಲಿಸತೊಡಗಿದೆ. ಎಲ್ಲ ಶಿಷ್ಯರಿಗೂ ಕೀಲಿಗಳನ್ನು ನೋಡಬೇಡಿ ಎಂದು ಗದರಿಸಿಯೇ ನನ್ನ ಗಂಟಲು ಒಣಗುತ್ತಿತ್ತು. ಇವಳಿಗೆ ಅದನ್ನು ಹೇಳುವ ಪ್ರಸಂಗವೇ ಇರಲಿಲ್ಲ. ಬೆತ್ತದ ಕಣ್ಣುಗಳನ್ನು ಎಣಿಸಿ ಪಳಗಿದ ಬೆರಳುಗಳು ಹತ್ತು ದಿನದಲ್ಲಿ ವರ್ಣಮಾಲೆ ಹಿಡಿದವು. ಮೂರನೆಯ ಇಯತ್ತೆಯಲ್ಲಿ ಬಿಟ್ಟ ಅಕ್ಷರಗಳನ್ನು ಅವಳು ಒಂದನ್ನೂ ಮರೆತಿರಲಿಲ್ಲ. ಆದರೆ ಹೊಡೆದದ್ದು ಸರಿಯೋ ತಪ್ಪೋ ಎಂದು ನಾನೇ ಹೇಳಬೇಕಾಗಿತ್ತು, ಕಂಪ್ಯೂಟರು ತುಟಿ ಬಿಚ್ಚಿರಲಿಲ್ಲ. ಓದುವ ಪ್ರೋಗ್ರಾಂ ಬಂದು ಕೂತಿತ್ತು, ನಡೆಯುತ್ತಿದ್ದೇನೆ ಎಂದು ಪರದೆಯಲ್ಲಿ ತೋರಿಸುತ್ತಲೂ ಇತ್ತು. ಸದ್ದು ಮಾತ್ರ ಇಲ್ಲ. ಹಾಗಿರುವಾಗಲೇ ಒಂದು ಮಂಗಳವಾರ ಮುಂಜಾನೆ ಹಾಲಿನವನನ್ನು ಕರೆಯಲು ಬಾಯಿ ತೆರೆದೆ, ದನಿ ಬರಲಿಲ್ಲ. ಗಾಳಿ ತಿರುಗಿತ್ತು.

ಮೊದಲ ಮೂರು ದಿನ ಜುಬೇದಾಳೂ ನಾನೂ ಪಾಟಿಗಳ ಮೇಲೆ ಬರೆದುಕೊಳ್ಳುತ್ತ, ಅಳಿಸುತ್ತ, ಸದ್ದು ಎಲ್ಲಿ ಸಿಕ್ಕಿಹಾಕಿಕೊಂಡಿದೆ ಎಂದು ಹುಡುಕಿದೆವು. ಸ್ಪೀಕರ್ ಬದಲಾಯಿಸಿದೆವು, ತಂತಿ ಬದಲಾಯಿಸಿದೆವು. ಮೂರನೆಯ ದಿನ ಮಧ್ಯಾಹ್ನ ಜುಬೇದಾ ಪರದೆಯ ಒಂದು ಮೂಲೆಯಲ್ಲಿ ಸದ್ದನ್ನು ಮುಚ್ಚಿಟ್ಟಿದ್ದ ಗುಂಡಿಯನ್ನು ಕಂಡಳು. ಅದು ಮೊದಲಿನಿಂದಲೂ ಮುಚ್ಚಿಯೇ ಇತ್ತು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ಸದ್ದಿಲ್ಲದೆ ನಕ್ಕೆವು. ಗುಂಡಿ ಒತ್ತಿದ ಕೂಡಲೇ ಸ್ಪೀಕರಿನಿಂದ ಗಂಡಸಿನ ದನಿಯೊಂದು ಇಂಗ್ಲಿಷಿನಲ್ಲಿ ಏನೋ ಓದಿತು. ನಾನು ಗಡಬಡಿಸಿ ಕನ್ನಡದಲ್ಲಿ ಬಸಲಿಂಗವ್ವ ಎಂದು ಹೊಡೆದೆ. ಅದು ಒಂದೊಂದೇ ಅಕ್ಷರದ ಹೆಸರನ್ನು ಇಂಗ್ಲಿಷಿನಲ್ಲಿ ಹೇಳುತ್ತ ಹೋಯಿತು, ಹಾಜರಿ ತೆಗೆಯುವವರ ಹಾಗೆ. ಪದವಾಗಿ ಕೂಡಿಸಿ ಓದಲು ಅದಕ್ಕೆ ಬರುತ್ತಿರಲಿಲ್ಲ.

ಈ ಪ್ರೋಗ್ರಾಂ ಬಳಸುವವರು ಒಬ್ಬರನ್ನೊಬ್ಬರು ಕೇಳಿ ತಿಳಿದುಕೊಳ್ಳುವ ಇಮೇಲ್ ಗುಂಪೊಂದಿತ್ತು. ನಾನು ಅಲ್ಲಿ ನಮ್ಮ ತೊಂದರೆ ಬರೆದೆ. ಊರಿನ ಫೋನುಗಳೆಲ್ಲ ಸುಮ್ಮನಿದ್ದ ಕಾರಣ ತಂತಿ ಪೂರ್ತಿ ನಮ್ಮದೇ ಆಗಿತ್ತು, ದಿನವಿಡೀ ತೆರೆದಿಟ್ಟಿರುತ್ತಿದ್ದೆವು. ಆರನೆಯ ದಿನ ಲೂವಿಸ್ ಎಂಬವರು ಉತ್ತರಿಸಿದರು. ಕರಾವಳಿಯ ಕಡೆಯವರು, ಸ್ವತಃ ಅಂಧರು, ಈ ಪ್ರೋಗ್ರಾಮಿನ ಕನ್ನಡ ಓದನ್ನು ಬಿಡುವಿನಲ್ಲಿ ತಿದ್ದುತ್ತಿದ್ದವರಲ್ಲಿ ಒಬ್ಬರು. ನಿಮ್ಮ ನಂಬರ್ ಕೊಡಿ, ಫೋನಿನಲ್ಲಿ ಹತ್ತು ನಿಮಿಷದಲ್ಲಿ ಹೇಳಿಬಿಡುತ್ತೇನೆ ಎಂದು ಬರೆದಿದ್ದರು. ನಮ್ಮ ಊರಿನಲ್ಲಿ ಇನ್ನು ಮೂವತ್ತನಾಲ್ಕು ದಿನ ಯಾರೂ ಮಾತಾಡಲಾಗದು, ಬರೆದೇ ತಿಳಿಸಬೇಕು ಎಂದು ಬರೆದೆ. ಅವರು ಯಾಕೆಂದು ಕೇಳಲಿಲ್ಲ. ಮರುದಿನ ಅವರಿಂದ ಉದ್ದನೆಯ ಪತ್ರ ಬಂತು, ಯಾವ ಕೀಲಿ ಒತ್ತಬೇಕು, ಆಗ ಏನು ಬರುತ್ತದೆ, ಬಾರದಿದ್ದರೆ ಏನು ಮಾಡಬೇಕು ಎಂದು ಒಂದೊಂದೇ ಹೆಜ್ಜೆ ಬಿಡಿಸಿ. ಆ ಗುಂಪಿನಲ್ಲಿ ಯಾರೂ ಯಾರ ದನಿಯನ್ನೂ ಕೇಳಿದವರಲ್ಲ. ಎಲ್ಲರೂ ಬರೆದೇ ಮಾತಾಡುವವರು. ಅಲ್ಲಿ ಕೂತಿರುವಷ್ಟು ಹೊತ್ತು ಹೊರಗೆ ಗಾಳಿ ಬೀಸುತ್ತಿದೆ ಎಂಬುದೇ ನನಗೆ ಮರೆತುಹೋಗುತ್ತಿತ್ತು.

ಲೂವಿಸರ ಹೆಜ್ಜೆಗಳಂತೆ ನಡೆದರೂ ಎರಡು ಸಲ ಎಡವಿದೆವು. ಒಮ್ಮೆ ಇಡೀ ಪರದೆ ಹೋಗಿ, ಜುಬೇದಾ ಪುನಃ ಸಿ.ಡಿ. ಹಾಕಿ ಮೊದಲಿನಿಂದ ಕೂರಿಸಬೇಕಾಯಿತು. ಹತ್ತನೆಯ ದಿನ ನಾನು ಪಾಟಿಯ ಮೇಲೆ, ಇದು ಆಗುವುದಿಲ್ಲ, ಬಸಲಿಂಗವ್ವನಿಗೆ ಹೇಳಿಬಿಡುತ್ತೇನೆ ಎಂದು ಬರೆದೆ. ಜುಬೇದಾ ಅದನ್ನು ಓದಿ ತನ್ನ ಸೆರಗಿನಿಂದಲೇ ಅಳಿಸಿದಳು. ಹನ್ನೊಂದನೆಯ ದಿನ ಮಧ್ಯಾಹ್ನ ಊಟದ ಹೊತ್ತಿಗೆ ಕಂಪ್ಯೂಟರು ಕನ್ನಡದ ಒಂದು ವಾಕ್ಯವನ್ನು ಓದಿತು. ಮೂಗಿನಿಂದ ಬರುವ, ಏರಿಳಿತವಿಲ್ಲದ ದನಿ. ಪಕ್ಕದ ಅಂಚೆ ಕಚೇರಿಯಿಂದ ಪೋಸ್ಟ್‌ಮಾಸ್ಟರು ಬರಿಗಾಲಲ್ಲೇ ಓಡಿಬಂದು ಕಿಟಕಿಯಲ್ಲಿ ನಿಂತರು. ಸುಮ್ಮಗಾಳಿಯಲ್ಲಿ ಆಗಷ್ಟೇ ಬರೆದ ಮಾತೊಂದು ನಮ್ಮೂರಿನಲ್ಲಿ ಕೇಳಿಸಿದ್ದು ಅದೇ ಮೊದಲು.

ಹನ್ನೆರಡನೆಯ ದಿನ ಬಸಲಿಂಗವ್ವನನ್ನು ಕೈಹಿಡಿದು ಕರೆತಂದು ಕೂರಿಸಿದೆ. ಅವಳು ಬರುವಾಗಲೇ ಟ್ರಂಕು ಕಟ್ಟಿಟ್ಟಿದ್ದಾಳೆಂದು ನನಗೆ ಗೊತ್ತಿತ್ತು. ನಾನು ಹೊಡೆದೆ: ಬಸಲಿಂಗವ್ವ, ನಾ ವನೂ. ಊಟ ಆತೇನ? ಯಂತ್ರ ಅವಳ ಹೆಸರನ್ನು ಬಸಾಲಿಂಗವಾ ಎಂದು ಓದಿತು. ಅವಳು ಬೆಚ್ಚಿ ಸ್ಪೀಕರಿನ ಕಡೆ ಮುಖ ತಿರುಗಿಸಿದಳು. ಕೈ ಚಾಚಿ ಅದನ್ನು ಸವರಿದಳು. ಆಮೇಲೆ ಕೀಲಿಗಳ ಮೇಲೆ ಬೆರಳಿಟ್ಟು ಒಂದೊಂದೇ ಒತ್ತಿದಳು; ಪ್ರತಿ ಅಕ್ಷರವನ್ನೂ ಯಂತ್ರ ಹೇಳುತ್ತಿತ್ತು. ಅವಳು ಬರೆದದ್ದು ಇಷ್ಟು: ಆತು. ನನ್ನ ಹೆಸರ ಕೆಡಿಸಿತಲ್ಲ ಇದು. ಓದಿ ಮುಗಿದ ಮೇಲೆ ಅವಳ ಭುಜಗಳು ಅಲುಗತೊಡಗಿದವು. ಅಳುತ್ತಿದ್ದಾಳೆಂದು ಹತ್ತಿರ ಹೋದೆ. ನಗುತ್ತಿದ್ದಳು. ನಾನೂ ನಕ್ಕೆ, ಅದು ಅವಳಿಗೆ ಕೇಳಿಸಲಿ ಎಂದು ನಾನೂ ನಗಾಕತ್ತೀನಿ ಎಂದು ಹೊಡೆದೆ. ಆ ದಿನ ಸಂಜೆಯವರೆಗೆ, ಮರುದಿನ ಪೂರ್ತಿ, ನಾವು ಮಾತಾಡಿದೆವು. ಯಾರ ಮನೆಯಲ್ಲಿ ಏನಾಯಿತು, ಯಾರು ಯಾರಿಗೆ ಪಾಟಿ ಎಸೆದರು, ಜುಬೇದಾ ಹೊಸ ಕನ್ನಡಕದಲ್ಲಿ ಹೇಗೆ ಕಾಣುತ್ತಾಳೆ ಎಲ್ಲ. ಊರು ಬಿಡುವ ವಿಷಯವನ್ನು ಅವಳೂ ಎತ್ತಲಿಲ್ಲ, ನಾನೂ ಕೇಳಲಿಲ್ಲ.

ಹದಿನಾಲ್ಕನೆಯ ದಿನ ಹತ್ತು ಗಂಟೆಗೆ ಸಂಗಪ್ಪನ ಟೆಂಪೋ ಶಾಲೆಯ ಮುಂದೆ ನಿಂತಿತು. ಹಿಂದೆ ಅವಳ ಟ್ರಂಕು, ಹಾಸಿಗೆಯ ಸುರುಳಿ, ಬೆತ್ತದ ಕಟ್ಟು ಇದ್ದವು. ಸಂಗಪ್ಪ ದೊಡ್ಡ ಮೈಯ, ಕಡಿಮೆ ಮಾತಿನ ಮನುಷ್ಯ. ತಾಯಿ ಸತ್ತ ಮೇಲೆ ತಂಗಿಯ ಮನೆಗೆ ವಾರಕ್ಕೊಮ್ಮೆ ಹಿಟ್ಟು ಕಳಿಸುತ್ತಿದ್ದ, ತಾನು ಬಂದು ಕೂರುತ್ತಿರಲಿಲ್ಲ. ಸಂಸ್ಥೆಯ ಮಂಚದ ವಿಷಯ ತಿಳಿದಾಗಲೂ ಸರಿ ಎಂದನಂತೆ, ಅಷ್ಟೇ. ಬಾಗಿಲಲ್ಲಿ ನಿಂತು ನನಗೆ ಪಾಟಿ ತೋರಿಸಿದ, ಹೊತ್ತಾತು ಎಂದು ಬರೆದಿತ್ತು. ನಾನು ಅದನ್ನು ಹೊಡೆದು ಕೇಳಿಸಿದೆ. ಬಸಲಿಂಗವ್ವ ಎದ್ದು ನಿಲ್ಲಲಿಲ್ಲ. ಕೀಲಿಗಳನ್ನು ಹುಡುಕಿ ಬರೆದಳು, ಯಂತ್ರ ಓದಿತು: ಅಣ್ಣ, ಒಂದು ವರ್ಷ ಆತು ನೀ ನನ್ನ ಕೂಡ ಮಾತಾಡಿಲ್ಲ. ಹೋಗೂಕಿಂತ ಮೊದಲ ಏನರ ಬರಿ.

ಅವನು ಒಲ್ಲೆನೆಂಬಂತೆ ತಲೆಯಲ್ಲಾಡಿಸಿದ. ನಾನು ಕುರ್ಚಿ ಎಳೆದುಕೊಟ್ಟೆ. ಹಿಟ್ಟು ಹತ್ತಿದ ಅಂಗೈಗಳನ್ನು ಧೋತರಕ್ಕೆ ಒರೆಸಿಕೊಂಡು ಕೂತ. ಒಂದೇ ಬೆರಳು. ಅಕ್ಷರ ಎಲ್ಲಿದೆಯೆಂದು ನನ್ನ ಕಡೆ ನೋಡುತ್ತಿದ್ದ, ನಾನು ತೋರಿಸುತ್ತಿದ್ದೆ. ಹತ್ತು ಹನ್ನೆರಡು ಅಕ್ಷರಗಳಾದ ಮೇಲೆ ನಾನು ಓದಬಾರದ್ದನ್ನು ಬರೆಯುತ್ತಿದ್ದಾನೆಂದು ತಿಳಿದು, ಅಕ್ಷರಗಳ ಜಾಗ ತೋರಿಸುವ ಹಾಳೆಯೊಂದನ್ನು ಅವನ ಮುಂದಿಟ್ಟು, ಓದುವ ದನಿಯನ್ನು ನಿಲ್ಲಿಸಿ, ಮುಗಿದ ಮೇಲೆ ಯಾವ ಕೀಲಿ ಒತ್ತಬೇಕೆಂದು ಬೆರಳಿಟ್ಟು ತೋರಿಸಿ ಕಿಟಕಿಯ ಹತ್ತಿರ ಹೋಗಿ ನಿಂತೆ. ಮುಕ್ಕಾಲು ಗಂಟೆ ಹಿಡಿಯಿತು. ಮುಗಿದ ಮೇಲೂ ಅವನು ಕೀಲಿ ಒತ್ತಲಿಲ್ಲ. ಬೆರಳನ್ನು ಅದರ ಮೇಲಿಟ್ಟುಕೊಂಡು ಕೂತಿದ್ದ. ಬಸಲಿಂಗವ್ವ ಪಕ್ಕದಲ್ಲಿ ತಲೆ ತಗ್ಗಿಸಿ ಕಾಯುತ್ತಿದ್ದಳು. ಕೊನೆಗೆ ಒತ್ತಿದ. ನನ್ನ ದನಿಯಾಗಿ ಎರಡು ದಿನ ಮಾತಾಡಿದ್ದ ಅದೇ ಮೂಗಿನ ದನಿ ಈಗ ಸಂಗಪ್ಪನಾಗಿ ಓದಿತು.

"ತಂಗಿ. ಅವತ್ತ ಮುಂಜಾನೆ ಅವ್ವ ಗಿರಣಿಗೆ ಬಂದಿದ್ಲು. ಎದಿ ನೋಯ್ತೈತಿ ಅಂತ ಪಾಟಿ ಮ್ಯಾಲ ಬರದ ತೋರಿಸಿದ್ಲು. ಮಂದಿ ನಿಂತಿದ್ರು. ಸಂಜಿಕ ಬರ್ತೀನಿ ಅಂತ ಬರದ ಕಳಿಸಿದೆ. ನಾ ಕರಕೊಂಡ ಹೋಗಬೇಕಿತ್ತು. ನಿನಗ ಹೇಳಬೇಕಂತ ಎಷ್ಟೋ ಸಲ ನಿನ್ನ ಕಟ್ಟಿತನಕ ಬಂದೀನಿ. ದನಿ ಇದ್ದಾಗೂ ಬಾಯಿ ಬರಲಿಲ್ಲ."

ಯಂತ್ರಕ್ಕೆ ಎಲ್ಲಿ ನಿಲ್ಲಬೇಕು ಎಂಬುದು ತಿಳಿಯುತ್ತಿರಲಿಲ್ಲ. ಒಂದೇ ಸಮನೆ ಓದಿ ಮುಗಿಸಿತು. ಸಂಗಪ್ಪ ಎದ್ದು ಬಾಗಿಲ ಕಡೆ ನಡೆದಿದ್ದ. ಬಸಲಿಂಗವ್ವ ಅವನ ಕುರ್ಚಿಯ ಕಡೆ ಕೈಯಾಡಿಸಿದಳು, ಖಾಲಿ ಇರುವುದು ತಿಳಿದು ಮೇಜಿಗೆ ಎರಡು ಸಲ ಜೋರಾಗಿ ಬಡಿದಳು. ಅವನು ನಿಂತ. ಅವಳು ಹೊಡೆಯತೊಡಗಿದಳು. ಅವಳ ಬೆರಳುಗಳು ಆ ಎರಡು ದಿನದಲ್ಲಿ ಚುರುಕಾಗಿದ್ದವು, ಆದರೂ ಆಗ ಎಷ್ಟೋ ಸಲ ತಪ್ಪಿದವು, ಅಳಿಸಿ ಮತ್ತೆ ಹೊಡೆದಳು.

"ಮಧ್ಯಾಹ್ನ ಒಳಗ ಲೋಟ ಬಡದ ಸಪ್ಪಳ ನಾ ಕೇಳಿದ್ದೆ ಅಣ್ಣ. ಗಾಳಿಗೆ ಕಿಡಕಿ ಬಡಿತೈತಿ ಅಂದ್ಕೊಂಡು ಎದ್ದ ಹೋಗಲಿಲ್ಲ. ನಾನೂ ಯಾರಿಗೂ ಹೇಳಿಲ್ಲ. ಬಾ, ಇಲ್ಲಿ ಕುಂದ್ರ."

ಸಂಗಪ್ಪ ಬಂದು ಕೂತ. ಜುಬೇದಾ ನನ್ನ ತೋಳು ಹಿಡಿದು ಹೊರಗೆ ಕರೆದೊಯ್ದಳು. ನಾವು ಅಂಚೆ ಕಚೇರಿಯ ಮೆಟ್ಟಿಲ ಮೇಲೆ ಕೂತೆವು. ಒಳಗಿನಿಂದ ಆ ದನಿ ಆಗಾಗ ಕೇಳಿಸುತ್ತಿತ್ತು, ಯಾರ ಮಾತು ಎಂದು ಹೊರಗಿನವರಿಗೆ ತಿಳಿಯುವಂತಿರಲಿಲ್ಲ. ಮಧ್ಯಾಹ್ನ ದಾಟಿದ ಮೇಲೆ ಸಂಗಪ್ಪ ಹೊರಬಂದು ಟೆಂಪೋದಿಂದ ಟ್ರಂಕನ್ನು ಇಳಿಸಿ, ನಮ್ಮನ್ನು ನೋಡದೆ, ಹೆಗಲ ಮೇಲಿಟ್ಟುಕೊಂಡು ತಂಗಿಯ ಮನೆಯ ಕಡೆ ನಡೆದ.

ಮಂಚ ಬೇರೆಯವರಿಗೆ ಹೋಯಿತು. ಬಸಲಿಂಗವ್ವನಿಗೆ ಅದರ ಚಿಂತೆಯಿರಲಿಲ್ಲ. ಎರಡು ದಿನ ಬಿಟ್ಟು ಸಂಗಪ್ಪನೇ ನನ್ನ ಎರಡನೆಯ ಕಂಪ್ಯೂಟರನ್ನು ಟೆಂಪೋದಲ್ಲಿ ಒಯ್ದು ಅವಳ ಕಟ್ಟೆಯ ಮೇಲೆ ಇಟ್ಟು, ಕರೆಂಟಿನ ವ್ಯವಸ್ಥೆ ಮಾಡಿದ. ಜುಬೇದಾ ಅದರಲ್ಲೂ ಎಲ್ಲವನ್ನೂ ಕೂರಿಸಿದಳು, ಈ ಸಲ ಒಂದೇ ಮುಂಜಾನೆ ಸಾಕಾಯಿತು. ಕುರ್ಚಿ ತಂದವರು ಮತ್ತೆ ಅಲ್ಲಿ ಕೂರತೊಡಗಿದರು. ಕುರ್ಚಿ ಇಲ್ಲದವರೂ ಬಂದರು. ತಮ್ಮ ಮಾತನ್ನು ಕಿವಿಯಿಂದ ಕೇಳಬೇಕೆಂಬ ಆಸೆಗೆ ಬರುವವರೇ ಹೆಚ್ಚು. ಪೋಸ್ಟ್‌ಮಾಸ್ಟರು ದಿನವೂ ಬಂದು ಪೇಪರಿನ ಸುದ್ದಿಯೊಂದನ್ನು ಹೊಡೆದು ಹೋಗುತ್ತಿದ್ದರು. ಎಲ್ಲರೂ ಒಪ್ಪಿದರೆಂದೇನಲ್ಲ. ಸುಮ್ಮಗಾಳಿ ಸುಮ್ಮನೇ ಇರಬೇಕು, ಇದೇನು ಹೊಸದು ಎಂದು ಪಾಟಿಯಲ್ಲಿ ಬರೆದು ತೋರಿಸಿದವರೂ ಇದ್ದರು. ಬಸಲಿಂಗವ್ವ ಅವರಿಗೆ ತನ್ನ ಹತ್ತಿರ ಕೂತು ಅದನ್ನೇ ಹೊಡೆಯಿರಿ, ಉತ್ತರ ಕೊಡುತ್ತೇನೆ ಎಂದು ಹೇಳಿಕಳಿಸಿದಳು.

ಯಂತ್ರ ತನ್ನ ಹೆಸರನ್ನು ಕೆಡಿಸುವುದನ್ನು ಮಾತ್ರ ಅವಳು ಸುಮ್ಮನೆ ಬಿಡಲಿಲ್ಲ. ಜುಬೇದಾ ಉಚ್ಚಾರದ ನಿಯಮಗಳಿದ್ದ ಕಡತವನ್ನು ತೆರೆದಳು. ಅದು ಯಾರು ಬೇಕಾದರೂ ಓದಬಹುದಾದ ಬರಹ, ಯಾವ ಅಕ್ಷರದ ಮುಂದೆ ಯಾವುದು ಬಂದರೆ ಹೇಗೆ ಹೇಳಬೇಕು ಎಂದು ಸಾಲುಸಾಲಾಗಿ. ಬಸಲಿಂಗವ್ವ ಕೇಳಿ ತಪ್ಪು ಹಿಡಿಯುವಳು, ಜುಬೇದಾ ಸಾಲು ತಿದ್ದುವಳು, ಮತ್ತೆ ಕೇಳುವಳು. ಗಾಳಿ ಮುಗಿಯುವಷ್ಟರಲ್ಲಿ ಅರವತ್ತಕ್ಕೂ ಹೆಚ್ಚು ತಪ್ಪುಗಳನ್ನು ಸರಿಮಾಡಿ ಲೂವಿಸರಿಗೆ ಕಳಿಸಿದರು. ಅವರು ಅದರಲ್ಲಿ ಕೆಲವನ್ನು ಬೇಡವೆಂದರು, ಉಳಿದವನ್ನು ಎಲ್ಲರಿಗೂ ಹೋಗುವ ಪ್ರೋಗ್ರಾಮಿನೊಳಗೆ ಸೇರಿಸಿದರು. ತಿದ್ದಿದವರ ಪಟ್ಟಿಯಲ್ಲಿ ಇಬ್ಬರ ಹೆಸರೂ ಬಂತು. ಅದನ್ನು ಓದಿಸಿ ಕೇಳಿದಾಗ ಬಸಲಿಂಗವ್ವ ಎಂಬುದನ್ನು ಯಂತ್ರ ಸರಿಯಾಗಿಯೇ ಹೇಳಿತು. ಅವಳು ನಾಲ್ಕು ಸಲ ಕೇಳಿದಳು.

ಫೆಬ್ರುವರಿಯಲ್ಲಿ, ಎಲ್ಲರಿಗೂ ದನಿ ಬಂದು ತಿಂಗಳುಗಳಾದ ಮೇಲೆ, ಅವಳು ಆ ಸಂಸ್ಥೆಗೆ ಹೋಗಿಬರುತ್ತೇನೆ ಎಂದಳು. ಅಲ್ಲೇ ಇರಲಿಕ್ಕಾ ಎಂದು ಕೇಳಿದೆ. "ಇರಾಕ ಅಲ್ಲ, ಕಲಿಸಾಕ," ಎಂದಳು. ಅಲ್ಲಿ ಮೂವತ್ತು ಜನ ಹೆಂಗಸರಿದ್ದಾರೆ, ಎರಡು ಕಂಪ್ಯೂಟರು ಬೀಗ ಹಾಕಿದ ಕೋಣೆಯಲ್ಲಿವೆ ಎಂದು ಅವಳಿಗೆ ಹೇಗೋ ತಿಳಿದಿತ್ತು. ಜುಬೇದಾ ಮೂರು ಸಿ.ಡಿ. ಮಾಡಿಕೊಟ್ಟಳು. ಸಂಗಪ್ಪ ಟೆಂಪೋದಲ್ಲಿ ಬಿಟ್ಟುಬಂದ. ಮೊದಲ ಎರಡು ವಾರ ಅವರು ಅವಳನ್ನು ಬೆತ್ತದ ಕೋಣೆಗೇ ಕಳಿಸಿದರಂತೆ. ಅವಳು ದಿನವೂ ಬೀಗದ ವಿಷಯ ಕೇಳಿದಳಂತೆ, ಕೊನೆಗೆ ಬೇಸತ್ತು ತೆಗೆದರಂತೆ. ಆಮೇಲೆ ಅವಳಿಂದ ನನಗೆ ಟೈಪು ಮಾಡಿದ ಪತ್ರಗಳು ಬರತೊಡಗಿದವು. ಎಲ್ಲಕ್ಕೂ ಕೊನೆಯದರಲ್ಲಿ ಹೀಗಿತ್ತು: ಇಲ್ಲಿ ಎಲ್ಲಾರೂ ಒಮ್ಮೆಲೆ ಮಾತಾಡ್ತಾರ ವನೂ, ಒಂದ ಗಳಿಗಿ ಬಿಡುವಿಲ್ಲ. ನನಗ ಸ್ವಲ್ಪ ದಿನ ಸುಮ್ಮನ ಇರಬೇಕಂತ ಅನಸಾಕತ್ತೈತಿ. ಗಾಳಿ ತಿರುಗೂದ್ರಾಗ ಬರ್ತೀನಿ.

ದೀಪಾವಳಿಯ ಮರುದಿನ ಅವಳು ಬಸ್ಸಿನಿಂದ ಇಳಿದಳು. ಸಂಗಪ್ಪ ಅವಳ ಚೀಲ ತೆಗೆದುಕೊಂಡ. ಅವಳ ಹಿಂದೆಯೇ ಇನ್ನಿಬ್ಬರು ಹೆಂಗಸರು, ಒಬ್ಬಳ ಭುಜದ ಮೇಲೆ ಇನ್ನೊಬ್ಬಳು ಕೈಯಿಟ್ಟುಕೊಂಡು, ಮೆಟ್ಟಿಲು ಇಳಿದು ಬಿಸಿಲಿನಲ್ಲಿ ನಿಂತರು. ಇವರು ಯಾರು ಎಂದು ಕೇಳಿದೆ.

"ನಮ್ಮ ಕಡೆ ಸುಮ್ಮಗಾಳಿ ಹೆಂಗಿರತೈತಿ ನೋಡೂಣು ಅಂತ ಬಂದಾರ," ಎಂದಳು ಬಸಲಿಂಗವ್ವ. "ನಡಿ, ಇನ್ನೂ ಏಳ ದಿವಸ ಐತಿ. ಅದರಾಗ ಮೂರನೇ ಕಂಪ್ಯೂಟರಿಗೂ ಹಾಕಬೇಕು."